ದಿವ್ಯಶ್ರೀಯ ಸೂಟ್‌ಕೇಸಿನ ತೂಕ

ಧರ್ಮೇಶನಿಗೆ ಆಫೀಸಿಲ್ಲ, ಬಾಸ್ ಇಲ್ಲ. ಥಾಯ್ಲೆಂಡಿನಲ್ಲಿ ಆರು ತಿಂಗಳು, ವಿಯೆಟ್ನಾಮಿನಲ್ಲಿ ಆರು ತಿಂಗಳು ಲ್ಯಾಪ್‌ಟಾಪ್ ಮುಂದೆ ಕೂತು ಯಾವ ಯಾವುದೋ ದೇಶದ ಕಂಪನಿಗಳಿಗೆ ವಿಡಿಯೋ ಎಡಿಟ್ ಮಾಡಿಕೊಡುತ್ತಾನೆ. ಅವನೇ ಹೇಳಿಕೊಳ್ಳುವಂತೆ ಡಿಜಿಟಲ್ ನೋಮ್ಯಾಡ್. ಅವನ ತಾಯಿ ನಿಂಗಮ್ಮನ ಪ್ರಕಾರ ಅಲೆಮಾರಿ. ಹುಟ್ಟೂರು ಹೆಬ್ಬಾಲೆಗೆ ಬಂದಾಗಲೆಲ್ಲ ಅವನು ಟೀ ಅಂಗಡಿಯಲ್ಲಿ, ತನ್ನ ಬದುಕೆಲ್ಲ ಏಳು ಕಿಲೋ ಬ್ಯಾಗಿನಲ್ಲಿ ಹಿಡಿಯುತ್ತದೆ ಎಂದು ಹೇಳುವುದುಂಟು. ಸುಳ್ಳಲ್ಲ. ಉಳಿದ ಇಪ್ಪತ್ಮೂರು ಕಿಲೋ ಹೆಂಡತಿ ದಿವ್ಯಶ್ರೀಯ ಸೂಟ್‌ಕೇಸಿನಲ್ಲಿರುತ್ತಿತ್ತು: ರಾಗಿ ಹಿಟ್ಟು, ಹುರುಳಿಕಾಳು, ಸಾರಿನ ಪುಡಿ, ಕುಕ್ಕರು, ಮುದ್ದೆ ಕೋಲು. ಯಾವ ದೇಶದಲ್ಲಾದರೂ ಬದುಕಬಲ್ಲ ಧರ್ಮೇಶನಿಗೆ ಮಧ್ಯಾಹ್ನ ಒಂದು ಗಂಟೆಗೆ ಮುದ್ದೆ ಬೇಕು. ಹೊಸ ಊರಿನಲ್ಲಿ ಅವನು ವೈಫೈ ಹುಡುಕುವಷ್ಟರಲ್ಲಿ ಅವಳು ಒಲೆ, ಸೊಪ್ಪು, ಬಟ್ಟೆ ಒಣಹಾಕುವ ಜಾಗ ಎಲ್ಲ ಹುಡುಕಿರುತ್ತಿದ್ದಳು.

ಈ ಸಲ ಹೊರಟಿದ್ದು ಜಾರ್ಜಿಯಾಕ್ಕೆ. ದಿವ್ಯಶ್ರೀ ಕುಶಾಲನಗರದಿಂದ ಆರು ಕಿಲೋದ ಸಣ್ಣ ಹೊಲಿಗೆ ಮಿಷನ್ ತಂದಿದ್ದಳು. ಮದುವೆಗೆ ಮುಂಚೆ ಅವಳು ಹೊಲಿದ ರವಿಕೆಗೆಂದು ಸುತ್ತಲ ಊರಿನವರು ಕಾಯುತ್ತಿದ್ದರು. ವಿಯೆಟ್ನಾಮಿನಲ್ಲಿ ಪಕ್ಕದ ರೂಮಿನ ಹುಡುಗಿಯರಿಗೆ ಕೈಸೂಜಿಯಲ್ಲೇ ಅಂಗಿ ಸರಿಮಾಡಿಕೊಟ್ಟ ಮೇಲೆ, ಕಂಪ್ಯೂಟರಿಲ್ಲದೆಯೂ ದೇಶ ದೇಶ ಸುತ್ತಿ ದುಡಿಯಬಹುದೆಂದು ಹೊಳೆದಿತ್ತು. ಮಿಷನ್ ಜೊತೆಗೆ ಹೋದರೆ ತನಗೂ ಒಂದು ಕೆಲಸ. ಹೋಗದಿದ್ದರೆ ಮತ್ತೊಂದು ದೇಶದ ಅಡುಗೆಮನೆ.

ನಿಂಗಮ್ಮ ಎಂದಿನಂತೆ ಹತ್ತು ಕಿಲೋ ಹಿಟ್ಟು ಬೀಸಿಸಿ ತಂದಿಟ್ಟರು. ದಿವ್ಯಶ್ರೀಯ ಮಾವ ಸಣ್ಣಸ್ವಾಮಿ ಶುಂಠಿ ಮೂಟೆ ತೂಗುವ ಯಂತ್ರದ ಮೇಲೆ, ಮಿಷನ್ನೂ ಸೇರಿಸಿ ತುಂಬಿದ ಸೂಟ್‌ಕೇಸ್ ಇಟ್ಟು ಇಪ್ಪತ್ತೊಂಬತ್ತು ಎಂದರು. ವಿಮಾನದವರು ಬಿಡುವುದಕ್ಕಿಂತ ಆರು ಕಿಲೋ ಜಾಸ್ತಿ. ಧರ್ಮೇಶ ಬಹಳ ಅನುಕಂಪದಿಂದ, ಮಿಷನ್ ಅಲ್ಲೇ ಬಾಡಿಗೆಗೆ ಸಿಗಬಹುದು, ವಿಚಾರಿಸೋಣ ಎಂದ.

"ರೀ, ನಿಮ್ಮ ಟಿಕೆಟ್ಟಿಗೂ ಇಪ್ಪತ್ಮೂರು ಕಿಲೋ ಕೊಡ್ತಾರಲ್ಲ," ಎಂದಳು ದಿವ್ಯಶ್ರೀ. "ಹಿಟ್ಟು ನೀವು ತಗೊಳಿ."

ದೊಡ್ಡ ಬ್ಯಾಗ್ ಒಯ್ದರೆ ವಿಮಾನ ಇಳಿದ ಮೇಲೆ ಅದು ಬರುವವರೆಗೆ ಅರ್ಧ ಗಂಟೆ ಕಾಯಬೇಕು ಎಂದು ಅವನು ವಿವರಿಸಿದ. ಎರಡು ವರ್ಷದಿಂದ ಆ ಅರ್ಧ ಗಂಟೆ ಕಾಯುತ್ತಿರುವವಳು ತಾನು, ಆಗ ಅವನು ಹೊರಗೆ ಕಾಫಿ ಕುಡಿಯುತ್ತಿರುತ್ತಾನೆ ಎಂದು ಅವಳೂ ಅಷ್ಟೇ ಸಮಾಧಾನದಿಂದ ವಿವರಿಸಿದಳು. ಮಿಷನ್ ಬರದಿದ್ದರೆ ತಾನೂ ಬರುವುದಿಲ್ಲ ಎಂದಳು. ಸಣ್ಣಸ್ವಾಮಿ ತೂಕದ ಯಂತ್ರ ಸರಿಯಿದೆಯೋ ಎಂದು ಬಗ್ಗಿ ನೋಡತೊಡಗಿದರು.

ನಿಂಗಮ್ಮ ಸೊಸೆಯ ಸೂಟ್‌ಕೇಸ್ ತೆರೆದು ಹಿಟ್ಟು, ಕೋಲು ಎರಡನ್ನೂ ತೆಗೆದು ಮಗನ ಮುಂದಿಟ್ಟರು.

"ತಿನ್ನೋನು ಹೊತ್ಕೊಂಡೋಗು. ಹಂಗೇ ತಿರುವೋದೂ ಕಲ್ತ್ಕೊಳ್ಲಾ. ಅವ್ಳು ಹೊಲೀತಾ ಕೂತಾಗ ನಿಂಗೆ ಮುದ್ದೆ ಕಟ್ಟೋರ್ಯಾರು?"

ಹಾಗಾಗಿ ಹೊರಡುವ ಹಿಂದಿನ ಮಧ್ಯಾಹ್ನ ಧರ್ಮೇಶ ಬೆವರಿಳಿಸುತ್ತಾ ಮುದ್ದೆ ತಿರುವಿದ. ನಿಂಗಮ್ಮ ಮಣೆ ಹಾಕಿಕೊಂಡು ಕೂತು, ಕೈಕಟ್ಟಿ ನೋಡಿದರು. ಒಳಕೋಣೆಯಲ್ಲಿ ಮಿಷನ್ನಿಗೆ ಹಳೆ ಸೀರೆ ಸುತ್ತುತ್ತಿದ್ದ ದಿವ್ಯಶ್ರೀಗೆ ಮಾವ ಊಟಕ್ಕೆ ಕೂತದ್ದು ಕೇಳಿಸಿತು. ಆಮೇಲೆ ನೀರಿನ ಲೋಟ ಎರಡು ಸಲ ಕೆಳಗಿಟ್ಟ ಸದ್ದಾಯಿತು.

"ಬರೀ ಗಂಟೈತಲ್ಲೇ, ನುಂಗಕ್ಕೇ ಆಗಲ್ಲ," ಎಂದರು ಸಣ್ಣಸ್ವಾಮಿ ಕೊನೆಗೆ.

"ನಲವತ್ತು ವರ್ಷ ನುಂಗಿದ್ದಾತು," ಎಂದರು ನಿಂಗಮ್ಮ. "ಇವತ್ತೊಂದಿನ ಅಗ್ದು ತಿನ್ನಿ."

ದಿವ್ಯಶ್ರೀ ನಗು ತಡೆದುಕೊಂಡು ಸೂಟ್‌ಕೇಸಿನ ಜಿಪ್ ಎಳೆದಳು.