ನಮ್ಮ ಕೇದಗೆ, ನಾಗಪ್ಪನ ಅಪ್ಪಣೆ

ಅವ್ವ ತೀರಿಕೊಂಡ ಮೇಲೆ ಅವಳ ಮದುವೆಯ ಸೀರೆ ನನ್ನ ಪಾಲಿಗೆ ಬಂತು. ಅದರ ಮಡಿಕೆಯಲ್ಲಿ ಅವಳು ಪ್ರತಿ ಮಳೆಗಾಲ ಕೇದಗೆಯ ಎಸಳು ಇಡುತ್ತಿದ್ದಳು. ಹಬ್ಬದ ದಿನ ಪೆಟ್ಟಿಗೆ ತೆರೆದರೆ ಮನೆಯೆಲ್ಲ ಘಮ್ಮೆನ್ನುತ್ತಿತ್ತು. ನನ್ನ ಕೈಗೆ ಬರುವ ಹೊತ್ತಿಗೆ ಸೀರೆಗೆ ನುಸಿಗುಳಿಗೆಯ ವಾಸನೆ ಹತ್ತಿತ್ತು. ನನಗೆ ಆ ಘಮ ವಾಪಸ್ಸು ಬೇಕಿತ್ತು. ಕುಂದಾಪುರದ ಕಡೆ ಒಂದು ಮದುವೆಗೆ ಹೋದಾಗ, ಕಡಲ ದಂಡೆಯ ಮನೆಯೊಂದರಲ್ಲಿ ಹೂ ಬಿಡುವ ಕೇದಗೆಯ ಬುಡದಿಂದ ಒಂದು ಮರಿ ಕೇಳಿ ತಂದು, ಹುಣಸೂರಿನ ನಮ್ಮ ಮನೆಯ ಕಾಂಪೌಂಡಿನ ಮೂಲೆಯಲ್ಲಿ ನೆಟ್ಟೆ.

ನಮ್ಮ ಮನೆಯವರು ಹೊಗೆಸೊಪ್ಪು ಬೆಳೆಯುವವರು. ಎಲೆ ಬಿಡುವ ಯಾವುದರ ಬಗ್ಗೆಯಾದರೂ ಕೊನೆಯ ಮಾತು ತಮ್ಮದೇ ಎಂದುಕೊಂಡವರು.

"ಕಡಲ ಗಿಡ ಅಲ್ವಾ, ಉಪ್ಪಿಲ್ದೆ ಎಂಗ್ ಬದುಕ್ತದೆ?" ಎಂದು ಬುಡಕ್ಕೆ ಕಲ್ಲುಪ್ಪು ಸುರಿಯಲು ಹೊರಟರು. ನಾನು ಕೈ ಹಿಡಿಯದಿದ್ದರೆ ಗಿಡವನ್ನು ಉಪ್ಪಿನಕಾಯಿ ಹಾಕಿಬಿಡುತ್ತಿದ್ದರು.

ಉಪ್ಪಿನಿಂದ ಪಾರಾದ ಗಿಡಕ್ಕೆ ಬೀದಿಯವರು ಗಂಟುಬಿದ್ದರು. ಕೇದಗೆ ಇದ್ದಲ್ಲಿ ಹಾವು ಇದ್ದೇ ಇರುತ್ತದೆ ಎನ್ನುವುದರಲ್ಲಿ ನಮ್ಮ ಬೀದಿಗೆ ಎಳ್ಳಷ್ಟೂ ಅನುಮಾನವಿಲ್ಲ. ಮುಂದಾಳು ಎದುರು ಮನೆಯ ಅಕ್ಕ. ರಾವಂದೂರಿನವರು, ಬಾಯಿ ಜೋರು.

"ಅದನ್ನ ಕಿತ್ತಾಕವ್ವ. ಆವು ಬಂದು ಮನೆ ಮಾಡ್ಕಂಡದೆ. ಕಣ್ಣಾರೆ ನೋಡಿವ್ನಿ, ನಾಗರಾವು, ಮಾರುದ್ದ!"

ಆಗ ಗಿಡ ನನ್ನ ಮೊಣಕಾಲೆತ್ತರವಿತ್ತು. ಮಾರುದ್ದದ ಹಾವು ಅದರಲ್ಲಿ ಅಡಗಬೇಕಾದರೆ ಅದನ್ನು ಯಾರಾದರೂ ಮಡಚಿ ಇಡಬೇಕಿತ್ತು.

ಕೆಲವು ವರ್ಷಗಳಲ್ಲಿ ಗಿಡ ಮುಳ್ಳೆಲೆ ಚಾಚಿ ಪೊದೆಯಾಯಿತು. ಬೀದಿಯ ನಿಲುವೂ ಬದಲಾಯಿತು. ಈಗ ಕೀಳುವ ಮಾತೇ ಇಲ್ಲ, ಕಿತ್ತರೆ ನಾಗದೋಷವಂತೆ. ನಾಗರಪಂಚಮಿಯ ದಿನ ಅಕ್ಕನ ಹಿಂದೆ ನಾಲ್ಕಾರು ಹೆಂಗಸರು ಹಾಲಿನ ಚೊಂಬು ಹಿಡಿದು ಬಂದು ನಮ್ಮ ಕೇದಗೆಯ ಬುಡಕ್ಕೇ ತನಿ ಎರೆದರು. ಹುತ್ತಕ್ಕೆ ಹೋಗಬೇಕಾದರೆ ಕೆರೆ ಏರಿ ದಾಟಬೇಕು, ನಮ್ಮ ಕೇದಗೆ ಎದುರಿಗೇ ಇತ್ತಲ್ಲ. ಹಾವು ಬರಲಿಲ್ಲ. ಇರುವೆಗಳು ಮಾತ್ರ ಊರೆಲ್ಲ ಸೇರಿ ಬಂದವು.

ಕೊನೆಗೊಂದು ಮಳೆಗಾಲ, ಗೌರಿ ಹಬ್ಬದ ಹಿಂದಿನ ದಿನ, ಪೊದೆಯ ನಡುವೆ ಒಂದೇ ಒಂದು ಹೂ ಇಣುಕಿತು. ಇನ್ನಷ್ಟು ಬಿರಿಯಲಿ ಎಂದು ಬಿಟ್ಟೆ. ಬೆಳಗ್ಗೆ ನೋಡಿದರೆ ತೊಟ್ಟು ಮಾತ್ರ ಉಳಿದಿತ್ತು. ಸೀರೆಯ ನೆನಪಾಗಿ ಅಳುವೇ ಬಂತು.

ಸಂಜೆ ಅಕ್ಕ ಅರಿಸಿನ ಕುಂಕುಮಕ್ಕೆ ಕರೆದರು. ಅವರ ಗೇಟಿನ ಹತ್ತಿರವೇ ಘಮ ಮೂಗಿಗೆ ಬಡಿಯಿತು. ಒಳಗೆ ಹೋದರೆ ಅಕ್ಕನ ಮೊಮ್ಮಗಳ ಜಡೆಯ ತುಂಬ ಕೇದಗೆ.

"ಅಕ್ಕ, ಇದು ನಮ್ಮ ಗಿಡದ್ದಲ್ವಾ?"

"ಊಂ ಕಣವ್ವ." ಅಕ್ಕನ ಮುಖದಲ್ಲಿ ಅಳುಕೇ ಇಲ್ಲ. "ಸುಮ್ಕೆ ಕುಯ್ದಿಲ್ಲ ಬುಡು. ಸ್ನಾನ ಮಾಡಿ, ಕೈ ಮುಗ್ದು, ನಾಗಪ್ಪನ ಅಪ್ಪಣೆ ಕೇಳೇ ಕುಯ್ದೆ."

"ನನ್ನನ್ನ ಕೇಳಲಿಲ್ವಲ್ಲ?"

"ನಿನ್ನ ಯಾಕವ್ವ ಕೇಳನ? ಅದ್ರೊಳಗಿರೋನು ಅವನು."

ಸಿಟ್ಟು ನೆತ್ತಿಗೇರಿತು. ಅಷ್ಟರಲ್ಲಿ ಮೊಮ್ಮಗಳು ನನ್ನ ಕಾಲಿಗೆ ನಮಸ್ಕರಿಸಲು ಬಗ್ಗಿದಳು. ಜಡೆಯ ಘಮ ಮೇಲೆದ್ದಿತು. ಅವ್ವನ ಪೆಟ್ಟಿಗೆಯನ್ನು ಮುಖದ ಮುಂದೆಯೇ ತೆರೆದಂತಾಯಿತು. ಜಗಳ ಮರೆತು, ನನ್ನ ಗಿಡದ ಹೂವಿನ ಒಂದೇ ಒಂದು ಎಸಳಿಗೆ ನಾನೇ ಸೆರಗೊಡ್ಡಿದೆ. ಉಳಿದಿದ್ದುದರಲ್ಲಿ ಒಂದನ್ನು ಅಕ್ಕ ಧಾರಾಳವಾಗಿ ಎತ್ತಿಕೊಟ್ಟರು.

"ತಗಳವ್ವ, ನಾಗಪ್ಪನ ಪ್ರಸಾದ."

ಅದನ್ನು ಸೀರೆಯ ಮಡಿಕೆಯಲ್ಲಿಟ್ಟೆ. ದೀಪಾವಳಿಗೆ ಪೆಟ್ಟಿಗೆ ತೆರೆದಾಗ ನುಸಿಗುಳಿಗೆ ಸೋತಿತ್ತು.

ಈ ವರ್ಷ ಮತ್ತೆ ಹೂ ಬಿಟ್ಟಿತು. ಅಕ್ಕ ಏಳುವ ಮುಂಚೆಯೇ ಕುಡುಗೋಲು ಹಿಡಿದು ಹೊರಗೆ ಹೋದೆ. ಪೊದೆಯೊಳಗೆ ಕೈ ಚಾಚಿದವಳು ಯಾಕೋ ಹಿಂದೆಳೆದುಕೊಂಡೆ. ಬೀದಿಯ ಆ ತುದಿ ಈ ತುದಿ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮೆಲ್ಲಗೆ ಕೇಳಿದೆ:

"ನಾಗಪ್ಪಾ, ಒಂದು ಕುಯ್ಕೊಳ್ಳಲಾ?"