ಡಾಕ್ಟರಿಗಿಂತ ಮೊದಲು ಯಾರ ಹೆಸರು

ನಂಜನಗೂಡಿನ ನಮ್ಮ ಹಾಲಿನ ಡೈರಿ ಆಫೀಸಿಗೆ ಅರ್ಜಿಗಳನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುವ ಹೊಸ ಸಾಫ್ಟ್‌ವೇರ್ ಬಂದಾಗ ಅದನ್ನು ಸಿದ್ಧಮಾಡುವ ಕೆಲಸ ನನ್ನ ತಲೆಗೆ ಬಂತು. ಸೋಸಲೆಯಿಂದ ನರಸೀಪುರಕ್ಕೊಂದು, ಅಲ್ಲಿಂದ ಇನ್ನೊಂದು ಬಸ್ ಹಿಡಿದು ಬರುವವಳು ನಾನು. ಆ ಬಸ್ಸಿನಲ್ಲೇ ಅದರ ಪದಗಳನ್ನೆಲ್ಲ ಬಾಯಿಪಾಠ ಮಾಡಿದೆ. ಕೆಲಸ ಶುರುವಾಗಲು ಕಾರಣವಾಗುವುದು ಟ್ರಿಗರ್. ಆ ಕೆಲಸ ಹತ್ತಿಹೋಗುವ ಒಂದೊಂದು ಮೆಟ್ಟಿಲು ಸ್ಟೇಜ್. 'ಹೀಗಿದ್ದರೆ ಹಾಗೆ ಮಾಡು' ಅನ್ನುವುದು ಕಂಡಿಷನ್. ಒಪ್ಪಿಗೆ ಕೊಡುವವರು ಅಪ್ರೂವರ್; ಅವರು ಸುಮ್ಮನೆ ಕೂತರೆ ಮೇಲಿನವರಿಗೆ ತಾನಾಗಿ ಸುದ್ದಿ ಮುಟ್ಟುವುದು ಎಸ್ಕಲೇಷನ್.

ಈ ಕೊನೆಯದು ನಮ್ಮಲ್ಲಿ ಯಾರಿಗೂ ಹಿಡಿಸಲಿಲ್ಲ. "ಚಾಡಿ ಹೇಳೋ ಮಿಷನ್ ಬ್ಯಾಡ ಕಣಮ್ಮ" ಅಂದರು, ತೆಗೆದುಬಿಟ್ಟೆವು. ಹಸುವಿಗೆ ಹುಷಾರಿಲ್ಲ ಎಂದು ಹಳ್ಳಿಯ ಹಾಲಿನ ಸಂಘದವರು ಅದರಲ್ಲಿ ಬರೆದರೆ ಅದು ಮೊದಲು ಯಾರಿಗೆ ಹೋಗಬೇಕು? ಲಗ್ನಪತ್ರಿಕೆಯಲ್ಲಿ ದೊಡ್ಡವರ ಹೆಸರು ಮೊದಲು ಹಾಕುವ ಜನ ನಾವು, ಯೋಚಿಸಲೇ ಇಲ್ಲ. ಸೂಪರ್‌ವೈಸರ್ ಹೆಸರು ಮೇಲೆ, ದನದ ಡಾಕ್ಟರ ಹೆಸರು ಕೆಳಗೆ. ಮೇಲಿನವರು ಒಪ್ಪಿಗೆ ಒತ್ತಿದರೆ ಮಾತ್ರ ನರಸೀಪುರದಲ್ಲಿರುವ ಡಾಕ್ಟರಿಗೆ ಸುದ್ದಿ.

ಒಂದು ಶುಕ್ರವಾರ ಹೆಮ್ಮಿಗೆಯ ಒಬ್ಬ ಹೆಂಗಸು ಫೋನ್ ಮಾಡಿದಳು. "ಅವ್ವಾ, ಈಯೋವಾಗ ಕರ ಅಡ್ಡ ಸಿಕ್ಕೊಂಡದೆ. ಅಸ ಮಲಗ್ಬುಡ್ತು. ಸಂಘದಲ್ಲಿ ಆಗ್ಲೇ ಬರ್ಸಿವ್ನಿ, ಡಾಕುಟ್ರು ಒಂಟವ್ರಾ?" ಅವಳಿಗಿದ್ದದ್ದು ಅದೊಂದೇ ಹಸು, ಮನೆ ನಡೆಯುತ್ತಿದ್ದುದು ಅದರ ಹಾಲಿನಿಂದ.

ಕಂಪ್ಯೂಟರ್ ನೋಡಿದರೆ ಪೆಂಡಿಂಗ್. ಸೂಪರ್‌ವೈಸರ್ ಎದುರು ಮೇಜಿನಲ್ಲೇ ಕೂತಿದ್ದರು.

"ರಾಹುಕಾಲ ಕಣಮ್ಮ. ಹನ್ನೆರಡು ಕಳೀಲಿ, ಒತ್ಬುಡ್ತೀನಿ" ಅಂದರು. "ಇಷ್ಟು ವರ್ಷದಲ್ಲಿ ಈ ಹೊತ್ನಲ್ಲಿ ಸೈನ್ ಹಾಕಿಲ್ಲ. ಏನಾರ ಕೆಟ್ಟೋಯ್ತಾ?"

ನನಗೆ ಮೈಯೆಲ್ಲ ಉರಿಯಿತು. ಆದರೆ ಅವರ ಮಾತು ಸುಳ್ಳಲ್ಲ. ಮೊದಲೆಲ್ಲ ಹಳ್ಳಿಯವರು ನೇರ ಡಾಕ್ಟರಿಗೇ ಹೇಳುತ್ತಿದ್ದರು, ಅವರು ಗಾಡಿ ಹತ್ತುತ್ತಿದ್ದರು, ಇವರ ಸಹಿ ಸಂಜೆ ಬೀಳುತ್ತಿತ್ತು. ಯಾವ ಹಸುವೂ ಆ ಸಹಿಗೆ ಕಾದಿರಲಿಲ್ಲ. ಮರ್ಯಾದೆ ಕೊಡಲು ಹೋಗಿ ಈಗ ಕಾಯಿಸುತ್ತಿದ್ದೆವು.

ಡಾಕ್ಟರಿಗೇ ಫೋನ್ ಹಚ್ಚಿದೆ. "ಸಿಸ್ಟಮ್ಮಲ್ಲಿ ಬರದೆ ಸ್ಟೋರಿನವರು ಔಷಧಿ ಕೊಡಲ್ಲ ಮೇಡಂ" ಅಂದರು.

ಸೆಟ್ಟಿಂಗ್ಸ್ ತೆರೆದೆ.

"ಏನ್ ಮಾಡ್ತಿದ್ದೀಯಮ್ಮ?"

"ಕಂಡಿಷನ್ ಹಾಕ್ತಿದ್ದೀನಿ ಸಾ. ತುರ್ತು ಅಂತಿದ್ರೆ ನೇರ ಡಾಕ್ಟರಿಗೆ. ನಿಮ್ಮ ಒಪ್ಪಿಗೆ ಆಮೇಲೆ."

"ಹೆಡ್ಡಾಫೀಸ್ನವ್ರು ಕೇಳಿದ್ರೆ?"

"ನಾನೇ ಹೇಳ್ತೀನಿ."

ಜಂಬದಿಂದ ಹೇಳಿಬಿಟ್ಟೆ. ನನ್ನದು ಗುತ್ತಿಗೆ ಕೆಲಸ, ಬೇಡ ಅಂದರೆ ಮಾರನೆಯ ದಿನವೇ ಮನೆ. ಆದರೂ ಸೇವ್ ಒತ್ತಿ, ಹೆಮ್ಮಿಗೆಯ ಅರ್ಜಿಯನ್ನು ಹೊಸ ದಾರಿಗೆ ಹಾಕಿದೆ. ಡಾಕ್ಟರು ಹೊರಟರು.

ಮಧ್ಯಾಹ್ನ ಆ ಹೆಂಗಸೇ ಮತ್ತೆ ಫೋನ್ ಮಾಡಿದಳು. "ಅಸ ಎದ್ದು ನಿಂತ್ಕತು ಕಣವ್ವ. ಕರ ಓಯ್ತು. ಇನ್ನೊಂಚೂರು ಮುಂಚೆ ಆಗಿದ್ರೆ ಅಂದ್ರು ಡಾಕುಟ್ರು." ಅವಳ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತೇನೋ. ಅವಳು ಹೇಳಿದ್ದನ್ನು ಹಾಗೆಯೇ ಸೂಪರ್‌ವೈಸರ್‌ಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಸೋಮವಾರ ಹೆಡ್ಡಾಫೀಸಿನಿಂದ ಫೋನ್ ಬಂತು. ಯಾರನ್ನು ಕೇಳಿ ಬದಲಾಯಿಸಿದಿರಿ, ಮೊದಲಿನ ಹಾಗೇ ಮಾಡಿ ಎಂದು ದಬಾಯಿಸಿದರು.

"ಮಾಡಲ್ಲ ಸಾ" ಅಂದೆ. "ಬೇಕಾದ್ರೆ ನನ್ನ ತೆಗೆದುಹಾಕಿ, ಆ ಕಂಡಿಷನ್ ಮಾತ್ರ ನಾನು ತೆಗೆಯಲ್ಲ."

ಸೂಪರ್‌ವೈಸರ್ ಎದ್ದು ಬಂದು ನನ್ನ ಕೈಯಿಂದ ರಿಸೀವರ್ ತೆಗೆದುಕೊಂಡರು.

"ಆ ಹುಡುಗೀದೇನಿಲ್ಲ ಸಾ" ಅಂದರು. "ನನ್ನ ಹೆಸರು ಡಾಕ್ಟರ ಕೆಳಗೆ ಹಾಕು ಅಂದೋನು ನಾನೇ."