ನೀರು ಬಂತಂತ ಕೂಗುವ ಸೋರಿಬುರುಡಿ

ಕುಷ್ಟಗಿಯ ನಮ್ಮ ಓಣಿಗೆ ನಳದ ನೀರು ಬರುವ ದಿನ ಗೊತ್ತು, ಎಷ್ಟೊತ್ತಿಗೆ ಬರ್ತದೋ ಯಾರಿಗೂ ಗೊತ್ತಿಲ್ಲ. ಬಂದಾಗ ತುಂಬಿಕೊಂಡವರ ಪುಣ್ಯ. ಮಗ, ಸೊಸಿ ಕೆಲಸಕ್ಕೆ ಹೋದ ಮೇಲೆ ನಳ ಕಾಯುವ ಪಾಳಿ ನಂದು. ಬಾಗಿಲ ಮುಂದಿನ ಕಟ್ಟಿ ಮೇಲೆ ಕೂತು ನಳದ ಗುಂಡಿ ನೋಡೋದೇ ನನ್ನ ಉದ್ಯೋಗ.

ನಮ್ಮ ಹಿತ್ತಲ ಗ್ವಾಡಿ ಆಚೆ ಚಾಚಿಯ ಮನಿ. ನನಗಿಂತ ಸಣ್ಣಾಕಿ, ಆದರೆ ಊರೆಲ್ಲ ಚಾಚಿ ಅಂತದೆ, ನಾನೂ ಅಂತೀನಿ. ಅವರ ಓಣಿಗೆ ನೀರಿನ ದಿನ ಬೇರೆ. ರಂಜಾನ್ ಹತ್ತಿರ ಬಂತಂದ್ರ ಅವರ ಅಂಗಳದಾಗ ಹೆಂಗಸರು ಕೂಡಿ ಶಾವಿಗಿ ಮಾಡ್ತಾರೆ. ಹಿಟ್ಟು ನಾದುವ ಸಪ್ಪಳ, ನಗಿ, ಚಾಷ್ಟಿ, ಎಲ್ಲಾ ನನಗೆ ಕೇಳತದೆ. ಹೋಗಾಕ ಮಾತ್ರ ಆಗೋದಿಲ್ಲ. ನೀರು ಬಂದು ಹೋದರೆ ಏನು ಗತಿ?

ಇದನ್ನು ನೋಡಿ ನೋಡಿ ಒಂಬತ್ತನೇ ಇಯತ್ತೆ ಓದುವ ನನ್ನ ಮೊಮ್ಮಗಳು ಒಂದು ಮಷೀನು ಮಾಡಿದಳು. ಅಂಗೈಯಷ್ಟು ಸರ್ಕ್ಯೂಟು, ಒಂದು ಸೆಲ್ಲು, ಅಂಗಿ ಗುಂಡಿಯಷ್ಟು ಸಣ್ಣ ಬಜರು. ಅದರಿಂದ ಎರಡು ಉದ್ದ ವೈರು ಎಳೆದು ತುದಿ ನಳದ ಕೆಳಗೆ ಬಿಡೋದು. ನೀರು ಎರಡೂ ತುದಿಗೆ ತಾಗಿದರೆ ಬಜರು ಕೂಗತದೆ. ಚರಿಗಿ ನೀರಾಗ ಅದ್ದಿ ತೋರಿಸಿದಳು. ಕುಂಯ್ ಅಂತು! ನಾನು ಎರಡನೇತ್ತಕ್ಕ ಸಾಲಿ ಬಿಟ್ಟಾಕಿ. ನೀರಿಗೆ ಮಾತು ಕಲಿಸಿದ ಕೂಸನ್ನ ಕಂಡು ನನಗೆ ಸಂತೋಷ ತಡಕೊಳ್ಳಾಕ ಆಗಲಿಲ್ಲ. ಅಲ್ಲೇ ಉಪ್ಪು ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದೆ.

"ಅಜ್ಜಿ, ಇದಕ್ಕೊಂದು ಡಬ್ಬಿ ಬೇಕು. ಧೂಳು ಬಿದ್ರ ಕೆಡತೈತಿ. ನೀನಾ ಆರಿಸು."

ನನ್ನನ್ನೇ ಕೇಳಿದಳಲ್ಲ! ಅಡಿಗಿಮನಿ ಡಬ್ಬಿ ಎಲ್ಲ ತಂದು ಸುರುವಿದೆ. ಸ್ಟೀಲಿನದು ತೋರಿಸಿದರೆ "ವೈರು ತಾಗಿದ್ರ ಶಾರ್ಟ್ ಆಕ್ಕೈತಿ" ಅಂದಳು. ಸಾಬೂನಿನ ಡಬ್ಬಿ ಸಣ್ಣದಾತು. ಕಡೆಗೆ ಗುರೆಳ್ಳು ಚಟ್ನಿಪುಡಿ ಇಡುವ ಪ್ಲಾಸ್ಟಿಕ್ ಡಬ್ಬಿ ಕೊಟ್ಟೆ. ಮುಚ್ಚಳ ಅಂದ್ರ ಮುಚ್ಚಳ, ಇರುವಿ ಸೈತ ಒಳಗೆ ಹೋಗೋದಿಲ್ಲ.

"ಇದರ ವಾಸನಿ ಹೋಗವಲ್ದಲ್ಲ ಅಜ್ಜಿ."

"ಇರಲಿ ಬಿಡ, ನಿನ್ನ ಮಷೀನಿಗೆ ಮೂಗೈತೇನು?"

ವೈರನ್ನು ಹಿತ್ತಲ ಬಾಗಿಲ ತನಕ ಎಳೆದು ಡಬ್ಬಿಯನ್ನು ಅಲ್ಲೇ ತೂಗಹಾಕಿ ಸಾಲಿಗೆ ಹೋದಳು. ನಾನು ಅಲುಗಾಡಿಸಿ ನೋಡಿದೆ. ಒಳಗೆ ಲಟಪಟ ಅಂತಿತ್ತು. ಒಡೆಯುವ ಸಾಮಾನು ಯಾವುದಿದ್ದರೂ, ಬಳಿ ಇರಲಿ, ಚಹಾದ ಕಪ್ಪಿರಲಿ, ಹಳೇ ಸೀರಿ ಅರಬ್ಯಾಗ ಸುತ್ತಿಡೋದು ನಮ್ಮ ರೂಢಿ. ಡಬ್ಬಿ ತೆಗೆದು ಒಳಗಿನ ಮಷೀನನ್ನೂ ಕೂಸಿನಂಗ ಬೆಚ್ಚಗೆ ಸುತ್ತಿದೆ. ಮುಚ್ಚಳ ಒತ್ತಿ ಹಾಕಿ ಕುಣಕೋತ ಚಾಚಿ ಮನಿಗೆ ಹೋದೆ.

ಹೊಳ್ಳಿ ಬರೋದ್ರಾಗ ಓಣಿ ತುಂಬ ಕೆಸರು. ಎಲ್ಲರ ಕೊಡ ತುಂಬಿದ್ದವು, ನಮ್ಮವು ಬರೇ ಬಾಯಿ ತೆರಕೊಂಡಿದ್ದವು.

ಚಾಚಿ ಬಿಟ್ಟಾಳೇನು? ಗ್ವಾಡಿ ಮ್ಯಾಲಿಂದ ಹಣಿಕಿ ಹಾಕಿದಳು. "ಏನ ಯಕ್ಕಾ, ನಿನ್ನ ಮೊಮ್ಮಗಳ ಮಷೀನು ನೀರು ಕುಡದು ಮಕ್ಕೊಂಡೈತೇನ?"

ಸಾಲಿಯಿಂದ ಬಂದ ಕೂಸಿನ ಮುಖ ಸಣ್ಣದಾತು. "ನನ್ನ ಕನೆಕ್ಷನ್ನೇ ತಪ್ಪೈತಿ. ಬಿಚ್ಚಿ ಒಗದುಬಿಡ್ತೀನಿ. ಇನ್ನ ಮಾಡಂಗಿಲ್ಲ" ಅಂದಳು. ನೀರು ಹೋದರೆ ಹೋಗಲಿ, ಇನ್ನ ಮಾಡಂಗಿಲ್ಲ ಅಂದಳಲ್ಲ, ಅದು ನನ್ನ ಕರಳಿಗೆ ಹತ್ತಿತು.

ಮುಚ್ಚಳ ಕಿತ್ತಳು, ಅರಬಿ ಬಿಡಿಸಿದಳು. ಕುಂಯ್ಯ್! ಗುಂಡ್ಯಾಗ ಇನ್ನೂ ನೀರು ನಿಂತಿತ್ತು ನೋಡ್ರಿ, ಪಾಪ ಅದು ಒಳಗೇ ಕೂಗಾಕತ್ತಿತ್ತು. ಆಕಿ ಒಮ್ಮೆ ಅರಬಿ ನೋಡಿದಳು, ಒಮ್ಮೆ ನನ್ನ ನೋಡಿದಳು.

"ಅಜ್ಜೀ, ಅದರ ಬಾಯಾಗ ಅರಬಿ ತುರುಕಿದಿಯಲ್ಲ!"

ಇಬ್ಬರೂ ನಕ್ಕು ನಕ್ಕು ಕಣ್ಣೀರು ಒರಸಿಕೊಂಡೆವು. ಚಟ್ನಿ ವಾಸನಿಯ ಅರಬಿಯಿಂದಲೇ.

ಹಂಗಾದ್ರ ಧೂಳು ಒಳಗೆ ಹೋಗಬಾರದು, ದನಿ ಹೊರಗೆ ಬರಬೇಕು. ಆಗ ನನಗೆ ಭಜನಿಯವರ ಏಕತಾರಿ ನೆನಪಾತು. ಒಂದೇ ತಂತಿಯ ಸಣ್ಣ ದನಿಯನ್ನು ಆ ಸೋರಿಬುರುಡಿ ಎಷ್ಟು ದೊಡ್ಡದು ಮಾಡತದೆ! ನಮ್ಮವ್ವ ಕೊಟ್ಟ ಒಣ ಸೋರಿಬುರುಡಿ ಒಂದು ಜಂತಿಗೆ ತೂಗುತ್ತಿತ್ತು, ಒಳಗೆ ಹೀರಿಬೀಜ ಇದ್ದವು. ಬೀಜವನ್ನ ಚಟ್ನಿ ಡಬ್ಬಿಗೆ ಸುರುವಿ ಬುರುಡಿಯನ್ನ ಕೂಸಿನ ಕೈಯಾಗಿಟ್ಟೆ. ಬೆರಳಿಂದ ಬಡಿದು ನೋಡಿದಳು. ಆಕಿ ಮುಖ ಅರಳಿತು.

ಬುರುಡಿಯ ಬಾಯಿ ಕೊರೆದು ಅಗಲ ಮಾಡಿದಳು. ಧೂಳು ಬೀಳದಂಗ ಕೆಳಮಗ್ಗಲಿಗೆ ಕಾದ ಮೊಳಿಯಿಂದ ತೂತು ಹಾಕಿದಳು. ಸರ್ಕ್ಯೂಟು ಒಳಗಿಟ್ಟು ಬಾಯಿ ಮುಚ್ಚಿ, ಹಿತ್ತಲ ಬಾಗಿಲಿಗೆ ತೂಗಹಾಕಿದಳು.

"ಇನ್ನ ಮುಟ್ಟಬ್ಯಾಡ ಅಜ್ಜಿ. ನಿನ್ನ ಸೀರಿ ಮ್ಯಾಲೆ ಆಣಿ."

ಮುಂದಿನ ಸಲ ನೀರು ಬರಬೇಕಾದ ದಿನ ಮತ್ತೆ ಚಾಚಿ ಅಂಗಳಕ್ಕೆ ಹೋದೆ. ಕೈಯೆಲ್ಲ ಹಿಟ್ಟು.

"ಬುರುಡಿ ನಂಬಿ ಬಂದೀಯೇನ ಯಕ್ಕಾ?"

"ಮೊಮ್ಮಗಳನ್ನ ನಂಬಿ ಬಂದೀನಿ ತಗೋ."

ಬಾಯಿ ಹಂಗಂದರೂ ಕಿವಿ ಮಾತ್ರ ಗ್ವಾಡಿ ಮ್ಯಾಲೇ ಇತ್ತು. ಅರ್ಧ ಶಾವಿಗಿ ಒಣಹಾಕಿರಬೇಕು, ಗ್ವಾಡಿ ಆಚೆಯಿಂದ ಗುಂಯ್ಯ್ ಅಂತ ದನಿ ಎದ್ದಿತು. ಮೊದಲಿನ ಸಿಳ್ಳಿ ಅಲ್ಲ, ದಪ್ಪ, ತುಂಬಿದ ದನಿ. ಹೆಂಗಸರೆಲ್ಲ ಗ್ವಾಡಿ ಕಡೆ ಹೊಳ್ಳಿದರು.

ಮೊದಲು ಎದ್ದಾಕಿ ಚಾಚಿ. "ಓಡ ಯಕ್ಕಾ, ಓಡ! ಮೊಮ್ಮಗಳು ಕರ್ಯಾಕತ್ತಾಳ!"

ಕೈ ತೊಳೆಯದೇ ಓಡಿದೆ. ಕೊಡ, ಬಕೀಟು, ಹಂಡೆ ಎಲ್ಲ ತುಂಬಿದೆ. ಆಮೇಲೆ ಹೊಳ್ಳಿ ಹೋಗಿ ಶಾವಿಗಿಗೆ ಕೂತೆ.

ಸಂಜಿಗೆ ಮೊಮ್ಮಗಳು ಸಾಲಿಯಿಂದ ಬಂದಳು. ಸಾಲಾಗಿ ಕೂತ ತುಂಬಿದ ಕೊಡ, ಅವುಗಳ ಕೊರಳಿಗೆ ಅಂಟಿದ ನನ್ನ ಹಿಟ್ಟಿನ ಬೆರಳಿನ ಗುರುತು ನೋಡಿದಳು. ಬೆನ್ನಿಗೆ ಚೀಲ ಇದ್ದಂಗೇ ಬಂದು ನನ್ನ ತೆಕ್ಕಿಗೆ ಬಿದ್ದಳು.